ಇಬ್ಬರು ಪುಟ್ಟಿಯರು

ನಮ್ಮ ಮನೆಯಲ್ಲಿ ಇಬ್ಬರು ಪುಟ್ಟಿಯರು. ಒಬ್ಬಳು ನಾನು ಹೆತ್ತವಳು. ಮಾರ್ಕ್ಸ್ ಕಾರ್ಡಿನಲ್ಲಿ ಬೇರೆ ಚೆಂದದ ಹೆಸರಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಇನ್ನೊಬ್ಬಳು 2020ರ ಮಾರ್ಚ್ 21ರ ಶನಿವಾರ ಈ ಮೊದಲನೆಯವಳ ಬೆನ್ನಚೀಲದಲ್ಲಿ, ಆಫೀಸಿನ ಲ್ಯಾಪ್‌ಟಾಪಿನೊಳಗೆ ಕೂತು ಮಾರಿಕುಪ್ಪಂ ರೈಲಿನಲ್ಲಿ ಬಂದಿಳಿದಳು. ಮರುದಿನ ಜನತಾ ಕರ್ಫ್ಯೂ. ಅದರ ಬೆನ್ನಿಗೇ ರೈಲುಗಳೂ ನಿಂತವು. ನಮ್ಮ ಕೆಜಿಎಫ್‌ನಲ್ಲಿ ರೈಲು ನಿಂತಿತೆಂದರೆ ಅರ್ಧ ಊರಿನ ಒಲೆ ನಿಂತ ಹಾಗೆ. ಗಣಿ ಮುಚ್ಚಿದ ಮೇಲೆ ಚಾಂಪಿಯನ್, ಉರಿಗಾಂ, ಕೋರಮಂಡಲ ಸ್ಟೇಷನ್ನುಗಳಲ್ಲಿ ಬೆಳಗಿನ ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ಬರುವವರೇ ಇಲ್ಲಿ ಹೆಚ್ಚು.

ಎರಡನೆಯ ಪುಟ್ಟಿಯ ಪರಿಚಯ ನನಗಾದದ್ದು ಹೀಗೆ. ಸೋಮವಾರ ಬೆಳಿಗ್ಗೆ ಕಾಫಿ ಕೊಡಲು ಹೋದರೆ, ಮಗಳು ಕಿಟಕಿಯ ಪಕ್ಕ ಕಬ್ಬಿಣದ ಕುರ್ಚಿ ಹಾಕಿಕೊಂಡು, ಫೋನಿನಲ್ಲಿ ಯಾರಿಗೋ, "ಪುಟ್ಟಿ ಓಪನ್ ಆಯ್ತು, ಆದರೆ ಒಳಗೆ ಬಿಟ್ಟುಕೊಳ್ತಿಲ್ಲ" ಎನ್ನುತ್ತಿದ್ದಳು. ನನಗೆ ಗಾಬರಿ. ನಮ್ಮ ಹುಡುಗಿ ತನ್ನನ್ನು ತಾನೇ ಯಾರಿಗೆ ಹೀಗೆ ಪರಿಚಯಿಸಿಕೊಳ್ಳುತ್ತಿದ್ದಾಳೆ ಅಂತ! ಆಮೇಲೆ ನಕ್ಕು ಹೇಳಿದಳು, "ಅಮ್ಮಾ, ಅದೊಂದು ಪ್ರೋಗ್ರಾಮು. ಅದರ ಉಚ್ಚಾರ ಪಟ್ಟಿ ಅಂತ. ಕಿಟಕಿ ಗಾಜಿಗೆ ಮೆತ್ತುತಾರಲ್ಲ, ಆ ಪಟ್ಟಿ. ನಮ್ಮ ಟೀಮಿನಲ್ಲಿ ಎಲ್ಲರೂ ಪುಟ್ಟಿ ಅಂತಾರೆ." ಪಕ್ಕದ ಕ್ವಾರ್ಟರ್ಸಿನ ತಮಿಳು ಮನೆಯಾಕೆ ಗೋಡೆಯಾಚೆಯಿಂದಲೇ ಕೇಳಿಸಿಕೊಂಡು, "ಯಾರಕ್ಕಾ, ಪಾಟ್ಟಿ ಬಂದಿದಾರಾ?" ಅಂದಳು. ತಮಿಳಿನಲ್ಲಿ ಪಾಟ್ಟಿ ಎಂದರೆ ಅಜ್ಜಿ. ಹೀಗೆ ನಮ್ಮೂರಿನ ಗೋಡೆಗಳ ನಡುವೆ ಒಂದೇ ಶಬ್ದ ಮಗುವೂ ಆಯಿತು, ಮುದುಕಿಯೂ ಆಯಿತು, ಗಾಜಿನ ಮೇಣವೂ ಆಯಿತು.

ಇಷ್ಟಕ್ಕೂ ಆ ಪ್ರೋಗ್ರಾಮು ಮಾಡುವುದೇನು? ಮಗಳ ಮುಂದಿರುವ ಲ್ಯಾಪ್‌ಟಾಪು ವಿಂಡೋಸ್‌ನದು. ಅವಳ ಕೆಲಸ ನಡೆಯಬೇಕಾದ ಯಂತ್ರ ಎಲ್ಲೋ ಇದೆ. ಅದು ಯುನಿಕ್ಸ್ ವಂಶದ್ದು, ಲಿನಕ್ಸ್ ಅನ್ನುತ್ತಾರೆ. ಇದರ ಭಾಷೆ ಬೇರೆ, ಅದರ ಭಾಷೆ ಬೇರೆ. ಪುಟ್ಟಿ ನಡುವೆ ಒಂದು ಕಪ್ಪು ಕಿಟಕಿ ತೆರೆಯುತ್ತದೆ. ಇಲ್ಲಿ ಒತ್ತಿದ ಅಕ್ಷರ ಅಲ್ಲಿಗೆ ಹೋಗುತ್ತದೆ, ಅಲ್ಲಿಯ ಉತ್ತರ ಇಲ್ಲಿ ಮೂಡುತ್ತದೆ. ಕೆಲಸವೆಲ್ಲ ಅಲ್ಲೇ. ಇಲ್ಲಿರುವುದು ಕಣ್ಣು ಮತ್ತು ಬೆರಳು, ಅಷ್ಟೆ.

ಇದನ್ನು ನನಗಿಂತ ಮೊದಲು ಅರ್ಥಮಾಡಿಕೊಂಡವರು ನಮ್ಮವರು. ಇವರು ಕಂಪ್ಯೂಟರ್ ಮುಟ್ಟಿದವರಲ್ಲ. ಮೊದಲ ಕೆಲವು ವರ್ಷ ಗಣಿಯ ಕೆಳಗೆ ಧೂಳು ಕುಡಿದು, ಆಮೇಲೆ ವೈಂಡಿಂಗ್ ಎಂಜಿನ್ ಡ್ರೈವರ್ ಆದವರು. ಗಣಿಯೂರಿನವರಲ್ಲದ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. ಶಾಫ್ಟಿನೊಳಗೆ ಜನರನ್ನೂ ಕಲ್ಲನ್ನೂ ಇಳಿಸಿ ಏರಿಸುವ ಕೇಜನ್ನು ನಡೆಸುವವನು ಶಾಫ್ಟಿನ ಬಾಯಲ್ಲಿ ನಿಂತಿರುವುದಿಲ್ಲ. ಅವನು ದೂರದ ಎಂಜಿನ್ ಮನೆಯಲ್ಲಿ ಕೂತಿರುತ್ತಾನೆ. ಎದುರಿಗೆ ಹಗ್ಗ ಸುತ್ತುವ ದೊಡ್ಡ ಡ್ರಮ್ಮು, ಕೇಜು ಎಷ್ಟು ಆಳದಲ್ಲಿದೆಯೆಂದು ತೋರಿಸುವ ಮುಳ್ಳು, ಕಿವಿಗೆ ಗಂಟೆಯ ಸದ್ದು. ಕೇಜೂ ಕಾಣದು, ಅದರಲ್ಲಿರುವ ಮನುಷ್ಯರೂ ಕಾಣರು. ಗಂಟೆ ಎಷ್ಟು ಬಡಿಯಿತು ಎಂಬುದರ ಮೇಲೆ ಅಷ್ಟು ಜನರ ಜೀವ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದ್ದು, ಒಂದೇ ಇಳಿತಕ್ಕೆ ಮುಟ್ಟುವಂಥದ್ದಲ್ಲ.

ಇವರು ಮಗಳ ಹಿಂದೆ ನಿಂತು ಕಪ್ಪು ಕಿಟಕಿಯನ್ನು ನೋಡಿದರು. ಉಸಿರು ಸುಧಾರಿಸಿಕೊಂಡು, "ಮಿಷೀನು ಎಲ್ಲಿದೆಯಮ್ಮಾ?" ಅಂದರು.

"ನಂಗೂ ಗೊತ್ತಿಲ್ಲ ಅಪ್ಪಾ. ಯಾವ ದೇಶದಲ್ಲೋ."

"ಕಾಣಲ್ಲ. ನೀನು ಗಂಟೆ ಕೊಡ್ತೀಯ, ಅದು ಮಾಡುತ್ತೆ."

"ಹೌದು."

"ಸರಿ. ತಪ್ಪು ಗಂಟೆ ಕೊಡಬೇಡ" ಎಂದು ಹೇಳಿ ಹೋಗಿ ಮಲಗಿದರು.

ನನಗೂ ಇದೆಲ್ಲ ಪೂರ್ತಿ ಹೊಸದೇನಲ್ಲ ಎಂದು ಸ್ವಲ್ಪ ಜಂಬ ಕೊಚ್ಚಿಕೊಳ್ಳಲೇಬೇಕು. ಬಂಗಾರಪೇಟೆಯಲ್ಲಿ ನಾನು ಒಂದು ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದೆ. ಎಲ್ಲರೂ ಬೆಳಿಗ್ಗೆ ಬೆಂಗಳೂರಿನವರೆಗೂ ಹೋಗುವ ರೈಲಿನಲ್ಲಿ ನಾನು ಬಂಗಾರಪೇಟೆಗೇ ಇಳಿದುಬಿಡುವವಳು. 90ರ ದಶಕದಲ್ಲಿ ನಮ್ಮ ಶಾಖೆಗೆ ಕಂಪ್ಯೂಟರ್ ಬಂತು. ಅದಕ್ಕೊಂದು ಗಾಜಿನ ಕೋಣೆ, ಏಸಿ. ಒಳಗೆ ಹೋಗಲು ಚಪ್ಪಲಿ ಬಿಡಬೇಕು. ದೇವರ ಮನೆಗೆ ಸಾಕ್ಸ್ ಹಾಕಿಕೊಂಡು ಹೋಗುತ್ತಿದ್ದ ನಮ್ಮ ಅಕೌಂಟೆಂಟರು ಆ ಕೋಣೆಗೆ ಬರಿಗಾಲಲ್ಲಿ ಹೋಗುತ್ತಿದ್ದರು! ಒಳಗೆ ಕೂತಿದ್ದದ್ದು ಯುನಿಕ್ಸ್ ಯಂತ್ರ. ನಮ್ಮ ಮೇಜುಗಳ ಮೇಲಿದ್ದವು ಬರೀ ಟರ್ಮಿನಲ್‌ಗಳು, ಕಪ್ಪು ಪರದೆ, ಹಸಿರು ಅಕ್ಷರ. ಅವಕ್ಕೆ ಸ್ವಂತ ಬುದ್ಧಿ ಇಲ್ಲ, ಕೋಣೆಯ ಯಂತ್ರ ಹೇಳಿದ್ದನ್ನು ತೋರಿಸುವುದಷ್ಟೇ. ಕೆಲವು ವರ್ಷಗಳ ಮೇಲೆ ಮೇಜಿಗೆ ವಿಂಡೋಸ್ ಕಂಪ್ಯೂಟರ್ ಬಂದವು. ಆದರೂ ಲೆಕ್ಕ ಇದ್ದದ್ದು ಆ ಗಾಜಿನ ಕೋಣೆಯಲ್ಲೇ. ಹಾಗಾಗಿ ಬಣ್ಣಬಣ್ಣದ ವಿಂಡೋಸ್ ಒಳಗೆ ಟೆಲ್‌ನೆಟ್ ಎಂಬ ಕಿಟಕಿ ತೆರೆದು, ಅದೇ ಹಳೆಯ ಕಪ್ಪು ಪರದೆಗೆ ಹೋಗುತ್ತಿದ್ದೆವು. ಹೊಸ ಮನೆ ಕಟ್ಟಿಸಿಯೂ ಅಡುಗೆ ಮಾತ್ರ ಹಿತ್ತಿಲಿನ ಹಳೇ ಒಲೆಯಲ್ಲಿ ಮಾಡಿದ ಹಾಗೆ.

ಟೆಲ್‌ನೆಟ್ ಹಳೆಯ ಪದ್ಧತಿ, 1969ರ ಕಾಲದ್ದು. ಅದರ ದೋಷವೆಂದರೆ ಹೆಸರು, ಪಾಸ್‌ವರ್ಡ್ ಎಲ್ಲವೂ ತಂತಿಯಲ್ಲಿ ಬಿಚ್ಚಾಗಿ ಹೋಗುತ್ತವೆ, ಪೋಸ್ಟ್ ಕಾರ್ಡಿನ ಹಾಗೆ. ನಡುವೆ ಕೂತವನು ಓದಿಕೊಳ್ಳಬಹುದು. 1995ರಲ್ಲಿ ಫಿನ್ಲೆಂಡಿನ ಒಂದು ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೀಗೇ ಕೂತು ಪಾಸ್‌ವರ್ಡುಗಳನ್ನು ಕದ್ದರಂತೆ. ಅದನ್ನು ಕಂಡು ಅಲ್ಲಿಯ ತಾತು ಯುಲೋನೆನ್ ಎಂಬಾತ ಎಸ್‌ಎಸ್‌ಎಚ್ ಎಂಬ ಹೊಸ ಪದ್ಧತಿ ಬರೆದ. ಅದರಲ್ಲಿ ಹೋಗುವ ಪ್ರತಿ ಅಕ್ಷರವೂ ಗುಪ್ತಲಿಪಿಯಾಗಿ ಹೋಗುತ್ತದೆ, ಅಂಟಿಸಿದ ಲಕೋಟೆಯ ಹಾಗೆ. ವಿಂಡೋಸ್‌ನಿಂದ ಹೀಗೆ ಹೋಗಲು ಇಂಗ್ಲೆಂಡಿನ ಸೈಮನ್ ಟಾಥಮ್ ಬರೆದ ಪ್ರೋಗ್ರಾಮೇ ನಮ್ಮ ಎರಡನೇ ಪುಟ್ಟಿ. 1999ರಿಂದ ಜನ ಅದನ್ನು ಬಳಸುತ್ತಿದ್ದಾರೆ, ಒಂದು ಪೈಸೆ ಕೊಡಬೇಕಿಲ್ಲ. 2018ರಿಂದ ವಿಂಡೋಸ್‌ನೊಳಗೇ ಅಂಥದ್ದೊಂದು ಸೇರಿದೆಯಾದರೂ ಅಭ್ಯಾಸ ಬಿಡುವವರು ಯಾರು?

ಒಂದು ವಿಷಯ ನನಗೆ ಬಹಳ ಹಿಡಿಸಿತು. ಒಂದು ಯಂತ್ರಕ್ಕೆ ಮೊದಲ ಸಲ ಹೋಗುವಾಗ ಪುಟ್ಟಿ ತಡೆದು ಕೇಳುತ್ತಾಳೆ: ಈ ಯಂತ್ರದ ಗುರುತು ಇಂಥದ್ದು, ನಾನು ಹಿಂದೆ ಕಂಡಿಲ್ಲ, ನಂಬಲೇ? ನಂಬೆಂದರೆ ಗುರುತನ್ನು ಬರೆದಿಟ್ಟುಕೊಳ್ಳುತ್ತಾಳೆ. ಮುಂದೆ ಎಂದಾದರೂ ಅದೇ ಹೆಸರಿನಲ್ಲಿ ಬೇರೆ ಗುರುತಿನ ಯಂತ್ರ ಎದುರಾದರೆ ಬೊಬ್ಬೆ ಹಾಕುತ್ತಾಳೆ. ಬ್ಯಾಂಕಿನಲ್ಲಿ ನಾವು ಮಾಡುತ್ತಿದ್ದದ್ದೂ ಇದನ್ನೇ ತಾನೆ? ಖಾತೆ ತೆರೆಯುವ ದಿನ ಸ್ಪೆಸಿಮನ್ ಸಹಿ ಕಾರ್ಡು. ಆಮೇಲೆ ಪ್ರತಿ ಚೆಕ್ಕಿಗೂ ಕಾರ್ಡು ತೆಗೆದು ಹೋಲಿಸುವುದು. ಮಗಳು ಆ ಪ್ರಶ್ನೆ ಬಂದ ಕೂಡಲೇ ಓದದೆ ಹೌದು ಎಂದು ಒತ್ತಿಬಿಟ್ಟಳು. ನಾನು ಬೈದೆ. ಮೂವತ್ತೇಳು ವರ್ಷ ಸಹಿ ನೋಡಿದ ಕಣ್ಣು, ಸುಮ್ಮನಿರುತ್ತದೆಯೇ? ಅವಳು ಮುಖ ಊದಿಸಿಕೊಂಡು ಆಫೀಸಿಗೆ ಫೋನು ಮಾಡಿ ಗುರುತನ್ನು ಒಂದೊಂದೇ ಅಕ್ಷರವಾಗಿ ಓದಿ ಸರಿನೋಡಿಕೊಂಡಳು.

ನಮ್ಮ ಮನೆಯಲ್ಲಿ ಫೋನಿನ ಸಿಗ್ನಲ್ ಕಿಟಕಿಯ ಪಕ್ಕ ಎರಡು ಗೆರೆ, ಅಡುಗೆಮನೆಯಲ್ಲಿ ಸೊನ್ನೆ. ಮಗಳ ವಿಡಿಯೋ ಮೀಟಿಂಗುಗಳಲ್ಲಿ ಮಾತಾಡುವವರೆಲ್ಲ ನೀರಲ್ಲಿ ಮುಳುಗಿದ ಹಾಗೆ ಬುಡುಬುಡು ಅನ್ನುತ್ತಿದ್ದರು. ಪುಟ್ಟಿ ಮಾತ್ರ ಆ ಎರಡು ಗೆರೆಯಲ್ಲೇ ಸಲೀಸಾಗಿ ನಡೆಯುತ್ತಿದ್ದಳು. ಚಿತ್ರವಿಲ್ಲ, ಧ್ವನಿಯಿಲ್ಲ, ಬರೀ ಅಕ್ಷರ. ಹೊರೆ ಎಷ್ಟಿದ್ದೀತು? ಒಬ್ಬಟ್ಟಿನ ಊಟ ಅರಗದವರಿಗೂ ಗಂಜಿ ಅರಗುತ್ತದಲ್ಲ.

ಗಂಜಿಯೂ ಅರಗದ ರಾತ್ರಿ ಒಂದು ಬಂತು.

ಅವಳು ಕೆಲಸಕ್ಕೆ ಸೇರಿ ಎಂಟೇ ತಿಂಗಳು, ಇನ್ನೂ ಪ್ರೊಬೇಷನ್. ಕಂಪನಿಗಳು ಜನರನ್ನು ಕಳಿಸುತ್ತಿದ್ದ ಕಾಲ ಅದು, ದಿನಾ ಯಾರದೋ ಸುದ್ದಿ. ಇತ್ತ ಇವರ ಉಸಿರಾಟ ಆ ಬೇಸಿಗೆಯಲ್ಲಿ ಕೆಟ್ಟಿತ್ತು. ಸೈನೈಡ್ ದಿಬ್ಬದ ಮೇಲಿಂದ ಗಾಳಿ ಬೀಸಿದರೆ ಮನೆಯ ಬಟ್ಟೆ, ಪಾತ್ರೆ, ಮೂಗು ಎಲ್ಲಾ ಬೂದಿ. ರಾತ್ರಿ ದಿಂಬಿಗೊರಗಿ ಕೂತೇ ನಿದ್ದೆ. ನನ್ನ ಪಿಂಚಣಿ ಔಷಧಿಗೆ, ಅವಳ ಸಂಬಳ ಉಳಿದುದಕ್ಕೆ. ಆ ಕೆಲಸ ಹೋದರೆ ಏನೆಂದು ನಾವಿಬ್ಬರೂ ಬಾಯಿಬಿಟ್ಟು ಆಡಿಕೊಂಡಿರಲಿಲ್ಲ. ಕೆಲಸ ಹೋಗುವುದೆಂದರೆ ಏನು ಅಂತ ಈ ಮನೆಗೆ ಗೊತ್ತಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಇವರಿಗೆ ನಲವತ್ತಾರು, ಮಗುವಿಗೆ ನಾಲ್ಕು. ಮುಂದೆ ಎಷ್ಟೋ ದಿನ ಇವರು ಪಾಳಿಯ ಹೊತ್ತಿಗೆ ಸರಿಯಾಗಿ ಎದ್ದು, ಶರ್ಟು ತೊಟ್ಟು, ಜಗಲಿಯ ಮೇಲೆ ಕೂತಿರುತ್ತಿದ್ದರು.

ಆ ರಾತ್ರಿ ಅವಳು ಯಾವುದೋ ಗಿರಾಕಿಯ ಲೆಕ್ಕದ ಫೈಲುಗಳನ್ನೆಲ್ಲ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟಿಸಬೇಕಿತ್ತು. ಬೆಳಿಗ್ಗೆ ಆರರೊಳಗೆ ಮುಗಿಯಬೇಕು. ಹತ್ತಕ್ಕೆ ಶುರುಮಾಡಿದಳು. ಹನ್ನೊಂದೂವರೆಗೆ ಬಿರುಗಾಳಿ, ಮಳೆ. ಕರೆಂಟು ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಆದರೆ ಸಿಗ್ನಲ್ಲಿನ ಎರಡು ಗೆರೆಗಳೂ ಅಳಿಸಿಹೋದವು. ಪುಟ್ಟಿಯ ಕಿಟಕಿ ಹೆಪ್ಪುಗಟ್ಟಿ ನಿಂತಿತು. ಸುಮಾರು ಒಂದು ಗಂಟೆಯ ಮೇಲೆ ಸಿಗ್ನಲ್ ಬಂದು ಮತ್ತೆ ಒಳಹೊಕ್ಕು ನೋಡಿದರೆ ಅರ್ಧ ಫೈಲು ಅಲ್ಲಿ, ಅರ್ಧ ಇಲ್ಲಿ. ಕೆಲಸ ನಡುವೆಯೇ ಸತ್ತಿದೆ. ಹಾಗೇಕೆ ಅಂತ ಆಮೇಲೆ ತಿಳಿಯಿತು. ಸಂಪರ್ಕ ಕಡಿದರೆ ಯುನಿಕ್ಸ್, ಆ ಸಂಪರ್ಕದಲ್ಲಿ ಹುಟ್ಟಿದ ಕೆಲಸಗಳಿಗೆ 'ಫೋನು ಇಟ್ಟಾಯಿತು' ಎಂಬರ್ಥದ ಒಂದು ಸಂಜ್ಞೆ ಕಳಿಸುತ್ತದಂತೆ. ಟೆಲಿಫೋನ್ ತಂತಿಯ ಮೇಲೆ ಯಂತ್ರಗಳಿಗೆ ಮಾತಾಡುತ್ತಿದ್ದ ಕಾಲದ ಹೆಸರು ಅದು. ಸಂಜ್ಞೆ ಬಂದ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಬೆಳಿಗ್ಗೆ ಅವಳ ಮೇಲಿನವರು ಫೋನಿನಲ್ಲಿ ಏನೆಂದರೋ, ಇವಳು "ಎಸ್ ಸಾರ್, ಎಸ್ ಸಾರ್" ಎನ್ನುತ್ತಲೇ ಗೋಡೆ ಕಡೆ ತಿರುಗಿಕೊಂಡಳು. ತಿಂಡಿಗೆ ಕರೆದರೆ ಬರಲಿಲ್ಲ. ಕೊನೆಗೆ ಅದೇ ಟೀಮಿನ ಹಿರಿಯ ಹುಡುಗಿಯೊಬ್ಬಳು ಫೋನು ಮಾಡಿ, "ಸ್ಕ್ರೀನ್ ಹಾಕದೆ ಯಾರಾದರೂ ಇಂಥ ಕೆಲಸ ಶುರುಮಾಡ್ತಾರಾ, ಹುಚ್ಚಿ?" ಎಂದು ಬೈದು ದಾರಿ ಹೇಳಿದಳು. ಆ ಯಂತ್ರದಲ್ಲೇ ಸ್ಕ್ರೀನ್ ಎಂಬ ಒಂದು ವ್ಯವಸ್ಥೆ ಇದೆ, 1987ರಷ್ಟು ಹಳೆಯದು. ಅದನ್ನು ಮೊದಲು ತೆರೆದು ಅದರೊಳಗೆ ಕೆಲಸ ಹಚ್ಚಿದರೆ, ನಮ್ಮ ಕಡೆಯ ಕಿಟಕಿ ಮುಚ್ಚಿದರೂ, ಕರೆಂಟು ಹೋದರೂ, ಕೆಲಸ ಅಲ್ಲಿ ನಡೆಯುತ್ತಲೇ ಇರುತ್ತದೆ. ಯಾವಾಗ ಬೇಕಾದರೂ ಹೋಗಿ ಮತ್ತೆ ಅದೇ ಪರದೆಯನ್ನು ಹಿಡಿಯಬಹುದು, ಬಿಟ್ಟ ಜಾಗದಿಂದಲೇ.

ಇವರಿಗೆ ಅದನ್ನು ವಿವರಿಸಿದಳು. ಇವರು ನಂಬಲಿಲ್ಲ.

"ಹಗ್ಗ ಕಡಿದ ಮೇಲೆ ಕೇಜು ತಾನಾಗೇ ಮೇಲೆ ಬರುತ್ತಾ?"

"ಬರುತ್ತಪ್ಪಾ."

"ಯಾವ ಗಣಿಯಲ್ಲೂ ಬರಲ್ಲ" ಅಂದರು.

ಕರೆಂಟಿನ ಮಾತು ಬಂತಲ್ಲ, ಒಂದು ಹೊಟ್ಟೆಯುರಿಯನ್ನೂ ಹೇಳಿಬಿಡುತ್ತೇನೆ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ವಿದ್ಯುತ್ತು ಮೊದಲು ಹರಿದದ್ದು ನಮ್ಮ ಊರಿನ ಗಣಿಗಳಿಗೆ, ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ. ಬೆಂಗಳೂರು ದೀಪ ಕಂಡದ್ದು 1905ರಲ್ಲಿ. ಕಣ್ಣಿಗೆ ಕಾಣದ ಹೊಳೆಯೊಂದು ಎಲ್ಲೋ ಧುಮುಕಿದರೆ ಇಲ್ಲಿ ಯಂತ್ರ ತಿರುಗುತ್ತಿತ್ತು. ದೂರದ ಯಂತ್ರದಿಂದ ಕೆಲಸ ಮಾಡಿಸಿಕೊಳ್ಳುವುದನ್ನು ನಾವು ಅಷ್ಟು ಹಿಂದೆಯೇ ಕಲಿತವರು. ಅಂಥ ಊರಿನಲ್ಲಿ ನಾಲ್ಕು ಹನಿ ಮಳೆಗೆ ನಾನು ಮೋಂಬತ್ತಿ ಹುಡುಕಬೇಕು.

ಎರಡನೆಯ ರಾತ್ರಿ ಸ್ಕ್ರೀನ್ ಹಾಕಿಯೇ ಕೂತಳು. ಈ ಸಲ ಆಜ್ಞೆಗಳನ್ನೆಲ್ಲ ಮೊದಲೇ ವಿಂಡೋಸ್‌ನ ನೋಟ್‌ಪ್ಯಾಡಿನಲ್ಲಿ ಅಂದವಾಗಿ ಬರೆದು, ಫೈಲು ಮಾಡಿ, ಆ ಕಡೆಗೆ ಕಳಿಸಿಟ್ಟಿದ್ದಳು. ನಡೆಸಲು ಹೇಳಿದರೆ ಯಂತ್ರ, ಅಂಥ ಫೈಲೇ ಇಲ್ಲ ಎಂದಿತು. ಪಟ್ಟಿ ಮಾಡಿಸಿದರೆ ಫೈಲು ಕಣ್ಣೆದುರಿಗೇ ಇದೆ. ನಡೆಸೆಂದರೆ ಇಲ್ಲ! ಹತ್ತು ಸಲ ಹೀಗೇ ಆಯಿತು. ಗಂಟೆ ಹತ್ತೂವರೆ. ಹಿರಿಯ ಹುಡುಗಿಯ ಫೋನು ಸ್ವಿಚ್ ಆಫ್. ಮಗಳ ಕೈ ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು.

ಇವರಿಗೆ ಬಿಸಿನೀರು ಕೊಟ್ಟು ಬಂದು ಅವಳ ಹಿಂದೆ ನಿಂತೆ. ಕನ್ನಡಕ ಸರಿಮಾಡಿಕೊಂಡು ಆ ದೂರಿನ ಸಾಲನ್ನು ಓದಿದೆ. ಹೆಸರಿನ ಕೊನೆಯಲ್ಲಿ ಒಂದು ಪುಟ್ಟ ಟೋಪಿಯ ಗುರುತು, ಅದರ ಪಕ್ಕ ಇಂಗ್ಲಿಷಿನ ಎಂ ಅಕ್ಷರ. ಅಯ್ಯೋ, ಈ ಟೋಪಿ ಎಂ ನನ್ನ ಹಳೇ ನೆಂಟ! ಬ್ಯಾಂಕಿನಲ್ಲಿ ವಿಂಡೋಸ್ ಕಂಪ್ಯೂಟರಿನ ಫ್ಲಾಪಿಯಿಂದ ಯುನಿಕ್ಸಿಗೆ ಫೈಲು ಹಾಕಿದಾಗಲೆಲ್ಲ ಸಾಲುಸಾಲಿನ ಕೊನೆಗೂ ಬಂದು ಕೂರುತ್ತಿತ್ತು.

"ಇದು ಕ್ಯಾರೇಜ್ ರಿಟರ್ನ್ ಕಣೇ" ಅಂದೆ.

ಅವಳು ಟೈಪ್‌ರೈಟರ್ ಮುಟ್ಟಿದವಳಲ್ಲ. ನಾನು ಬಂಗಾರಪೇಟೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಲೋಯರ್, ಹೈಯರ್ ಎರಡನ್ನೂ ಪಾಸು ಮಾಡಿದವಳು. ಸಾಲು ಮುಗಿದಾಗ ಎಡಗೈಯಿಂದ ಆ ಸಲಾಕೆಯನ್ನು ತಳ್ಳುತ್ತಿದ್ದೆವಲ್ಲ, ಆಗ ಆಗುತ್ತಿದ್ದ ಕೆಲಸ ಎರಡು. ಕಾಗದ ಒಂದು ಸಾಲು ಮೇಲೇರುವುದು ಒಂದು, ಗಾಡಿ ಸಾಲಿನ ಆರಂಭಕ್ಕೆ ಮರಳುವುದು ಇನ್ನೊಂದು. ವಿಂಡೋಸ್ ಇಂದಿಗೂ ಪ್ರತಿ ಸಾಲಿನ ಕೊನೆಗೆ ಈ ಎರಡನ್ನೂ ಬರೆದಿಡುತ್ತದೆ. ಯುನಿಕ್ಸ್ ಜಿಪುಣ, ಒಂದೇ ಸಾಕು ಅನ್ನುತ್ತದೆ. ಮಿಕ್ಕ ಇನ್ನೊಂದು ಅದರ ಕಣ್ಣಿಗೆ ಕಸ. ಆ ಕಸ ಹೆಸರಿನ ಬಾಲಕ್ಕೆ ಅಂಟಿಕೊಂಡರೆ ಅದು ಬೇರೆಯೇ ಹೆಸರು. ಹಾಗಾಗಿ ಅಂಥದ್ದಿಲ್ಲ ಎಂದಿತು. ಸುಳ್ಳೇನೂ ಹೇಳಿರಲಿಲ್ಲ, ಪಾಪ.

ಹೋಗಿಸಲು ಏನು ಮಾಡಬೇಕೆಂದು ನನಗೆ ನೆನಪಿರಲಿಲ್ಲ. ಹೆಸರು ಗೊತ್ತಾದ ಮೇಲೆ ಅವಳೇ ಹುಡುಕಿಕೊಂಡಳು, ಒಂದೇ ಸಾಲಿನ ಆಜ್ಞೆ. ಹನ್ನೊಂದಕ್ಕೆ ಕೆಲಸ ಹೊರಟಿತು. ಒಂದು ಗಂಟೆಯ ಹೊತ್ತಿಗೆ ಸಿಗ್ನಲ್ ಮತ್ತೆ ಕೈಕೊಟ್ಟಿತು. ಇಬ್ಬರೂ ಕತ್ತಲಲ್ಲಿ ಮಾತಿಲ್ಲದೆ ಕೂತಿದ್ದೆವು. ಎರಡೂವರೆಗೆ ಮತ್ತೆ ಗೆರೆ ಮೂಡಿತು. ಒಳಹೊಕ್ಕು ಆ ಪರದೆಯನ್ನು ಹಿಡಿದಳು. ಸಾಲುಗಳು ಓಡುತ್ತಲೇ ಇದ್ದವು! ನಾವಿಲ್ಲದಿದ್ದರೂ ಅದರ ಪಾಡಿಗೆ ಅದು ಮುಕ್ಕಾಲು ಮುಗಿಸಿತ್ತು. ನಾಲ್ಕೂಮುಕ್ಕಾಲಿಗೆ ಪೂರ್ತಿ. ನಾನು ಆ ಬೆಳಗಿನ ಜಾವದಲ್ಲೇ ಉಪ್ಪಿಟ್ಟು ಮಾಡಿದೆ. ಅವಳು ಎರಡು ತಟ್ಟೆ ತಿಂದಳು.

ಮೇ ತಿಂಗಳಲ್ಲಿ ಕನ್ಫರ್ಮೇಶನ್ ಪತ್ರ ಬಂತು. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ದೇವರ ಮುಂದಿಟ್ಟೆ, ಅಷ್ಟೆ.

ನಾನು ಹೇಳಬೇಕೆಂದಿದ್ದದ್ದು ಇವರ ವಿಷಯ. ಕೇಜು ತಾನಾಗೇ ಮೇಲೆ ಬಂದ ಸುದ್ದಿ ಕೇಳಿದ ಬೆಳಿಗ್ಗೆ ಇವರು ಮೆಲ್ಲನೆ ಬಂದು ಮಗಳ ಪಕ್ಕದ ಸ್ಟೂಲಿನಲ್ಲಿ ಕೂತರು. "ಅದನ್ನ ಏನಾದರೂ ಕೇಳಬಹುದಾ?" ಅಂದರು. "ಏನು ಕೇಳಲಿ ಅಪ್ಪಾ?" "ಟೈಮು ಎಷ್ಟು ಕೇಳು." ಕೇಳಿದಳು. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿತ್ತು, ಗ್ರೀನಿಚ್ಚಿನ ಹೊತ್ತು. "ಯಾವ ಪಾಳಿಯೋ" ಎಂದರು. ಆಮೇಲೆ, "ಎಷ್ಟು ದಿನದಿಂದ ನಡೀತಿದೆ ಮಿಷೀನು?" ಅಂದರು.

ಹಾಗೆ ಕೇಳಲೂ ಒಂದು ಆಜ್ಞೆ ಇದೆ. ಅಪ್‌ಟೈಮ್ ಅಂತ. ಯಂತ್ರವನ್ನು ಕಡೆಯ ಸಲ ಚಾಲೂ ಮಾಡಿದಂದಿನಿಂದ ಎಷ್ಟು ದಿನ ನಿಲ್ಲದೆ ನಡೆದಿದೆ ಎಂದು ಹೇಳುತ್ತದೆ. ಮಗಳು ಒತ್ತಿದಳು. 212 ದಿನ.

"ಒಂದು ಸಲಾನೂ ನಿಂತಿಲ್ಲವಾ?"

"ಇಲ್ಲ."

ಅಂದಿನಿಂದ ಅದೊಂದು ನಿತ್ಯವಿಧಿಯಾಯಿತು. ಬೆಳಿಗ್ಗೆ ಮಾತ್ರೆ, ಇನ್‌ಹೇಲರ್, ಕಾಫಿ, ಆಮೇಲೆ ಅಪ್‌ಟೈಮ್. 230. 265. ಉಸಿರು ಕಟ್ಟಿದ ದಿನಗಳಲ್ಲಿ ಒಳಗಿನ ಕೋಣೆಯಿಂದಲೇ, "ಪುಟ್ಟೀ, ಎಷ್ಟು?" ಎಂದು ಕೂಗುತ್ತಿದ್ದರು. ಅವಳು ಇಲ್ಲಿಂದಲೇ ಹೇಳುತ್ತಿದ್ದಳು. 300 ಆದ ದಿನ ನನಗೆ ಪಾಯಸ ಮಾಡಲು ಹೇಳಿದರು, ಹಬ್ಬವಿಲ್ಲ, ಹುಣ್ಣಿಮೆಯಿಲ್ಲ! ಗೋಡೆಯಾಚೆಯ ತಮಿಳು ಮನೆಯಾಕೆಗೂ ಒಂದು ಲೋಟ ಕೊಟ್ಟೆ. ಯಾವ ವಿಶೇಷಕ್ಕೆ ಎಂದು ಹೇಗೆ ಹೇಳುವುದೆಂದು ತಿಳಿಯದೆ, ಸುಮ್ಮನೆ ಅಂದೆ.

ಆ ಯಂತ್ರದಲ್ಲಿ ನಮಗೆ ಸೇರಿದ್ದು ಏನೂ ಇಲ್ಲವೆಂದು ಇವರಿಗೆ ಗೊತ್ತಿತ್ತು. ಒಂದು ದಿನ ನಾನೇ ಅದನ್ನು ಹೇಳಿಬಿಟ್ಟೆ. "ಗಣಿ ಮಾತ್ರ ನಮ್ಮದಿತ್ತಾ?" ಅಂದರು.

ಆಗಸ್ಟ್ ಕೊನೆ, ಗಣೇಶನ ಹಬ್ಬ ಕಳೆದು ನಾಲ್ಕೈದು ದಿನ. ಹಿಂದಿನ ಬೆಳಿಗ್ಗೆ 340 ಇತ್ತು. ಅಂದು ಮಗಳು ಒತ್ತಿ, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಒಳಗಿನಿಂದ ಇವರು, "ಎಷ್ಟು?" ಅಂದರು. ನಾನು ಬಗ್ಗಿ ನೋಡಿದೆ. ದಿನಗಳ ಲೆಕ್ಕವೇ ಇರಲಿಲ್ಲ, ಬರೀ ಎರಡು ಗಂಟೆ ಹನ್ನೊಂದು ನಿಮಿಷ. 341 ಎಂದುಬಿಡೇ ಎಂದು ನಾನು ಸನ್ನೆ ಮಾಡಿದೆ. ಅವಳು ತಲೆಯಾಡಿಸಿದಳು.

ಎದ್ದು ಹೋಗಿ ಅವರ ಮಂಚದ ಪಕ್ಕ ಕೂತಳು. "ರಾತ್ರಿ ನಿಲ್ಲಿಸಿದ್ದರು ಅಪ್ಪಾ. ಏನೋ ರಿಪೇರಿ ಹಾಕಬೇಕಿತ್ತು. ಮತ್ತೆ ಚಾಲೂ ಮಾಡಿದಾರೆ."

"ಯಾರು ನಿಲ್ಲಿಸಿದ್ದು?"

"ಅಲ್ಲಿ ಒಂದು ಟೀಮಿದೆ."

"ಮೊದಲೇ ಹೇಳಿದ್ದರಾ?"

"ನೋಟಿಸ್ ಕಳಿಸಿದ್ದರು. ನಾನು ನೋಡಿರಲಿಲ್ಲ."

ಇವರು ಗೋಡೆ ಕಡೆ ತಿರುಗಿ ಮಲಗಿದರು. ಅಂದು ಕಾಫಿಯೂ ಬೇಡ, ಸಂಜೆ ಜಗಲಿಯೂ ಬೇಡ. ರಾತ್ರಿ ದಿಂಬು ಸರಿಮಾಡಲು ಹೋದರೆ, "ಮತ್ತೆ ಚಾಲೂ ಮಾಡಿದಾರಂತಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು.

ಮಾರನೆಯ ದಿನ ನಾನು ಅಡುಗೆಮನೆಯಲ್ಲಿದ್ದೆ. ಸ್ಟೂಲು ಎಳೆದ ಸದ್ದು ಕೇಳಿಸಿತು.

"ಪುಟ್ಟೀ, ಈಗ?"

"ಒಂದು ದಿನ ಅಪ್ಪಾ."